ಗೊಂಬೆ ತೋಟದ ಲೆಕ್ಕದ ಪುಸ್ತಕ

ನಮ್ಮಪ್ಪ ಇವತ್ತಿಗೂ ನಮ್ಮ ಕಾಲೇಜಿನ ತೋಟವನ್ನು ಗೊಂಬೆ ತೋಟ ಅಂತಲೇ ಕರೆಯುವುದು. ನಾನು ಬಿಎಸ್ಸಿ ಅಗ್ರಿ ಓದುತ್ತಿದ್ದಾಗ ಒಂದೇ ಒಂದು ಸಲ ಹಾಸ್ಟೆಲಿಗೆ ಬಿಡಲು ಬಂದಿದ್ದ. ಚೀಲ ಇಳಿಸಿ, ಬೇಲಿ ಪಕ್ಕ ನಿಂತು, ಸಾಲಾಗಿ ನೆಟ್ಟಿದ್ದ ಬೋರ್ಡುಗಳನ್ನು ನೋಡಿ ‘ಏನಮ್ಮ ಇದು, ಬೆಳೆಗಿಂತ ಬೋರ್ಡೇ ಜಾಸ್ತಿ ಇದೆ’ ಅಂದ. ಆಮೇಲೆ ಒಳಗೆ ಹೋಗಿ ಡ್ರಿಪ್ ಪೈಪ್ ಮುಟ್ಟಿ ನೋಡಿದ. ನೀರು ಬರುತ್ತಿತ್ತು. ‘ಕಾಲೇಜಿನ ನೀರು, ಕಾಲೇಜಿನ ಆಳು, ಕಾಲೇಜಿನ ಗೊಬ್ಬರ. ಮಳೆ ಕೈಕೊಟ್ಟರೆ ಇಲ್ಲಿ ಯಾರ ಮನೆ ಒಲೆ ಆರುತ್ತೆ? ಗೊಂಬೆ ತೋಟ ಇದು.’

ಆಗ ತುಂಬಾ ಕೋಪ ಬಂದಿತ್ತು. ಈಗ ಬರಲ್ಲ. ಅವನ ಮಾತು ಅರ್ಧ ಸರಿ. ಇನ್ನರ್ಧ ಯಾಕೆ ಸರಿಯಿಲ್ಲ ಅಂತ ತೋರಿಸೋಕೆ ನನ್ನ ಹತ್ತಿರ ಇರುವುದು ಒಂದು ಇನ್ನೂರು ಪುಟದ ನೋಟ್‌ಬುಕ್ ಮಾತ್ರ. ಮೊನ್ನೆ ಅಟ್ಟದ ಮೇಲೆ ಸಿಕ್ಕಿತು. ಬೆಲ್ಲದ ಕಲೆ ಆದ ಎರಡು ಪುಟ ಇನ್ನೂ ಅಂಟಿಕೊಂಡೇ ಇವೆ. ಅದನ್ನು ಓದುತ್ತಾ ಕೂತವಳಿಗೆ ಇದನ್ನು ಬರೆಯಬೇಕು ಅನ್ನಿಸಿತು.

ನಮ್ಮದು ಮುಳಬಾಗಿಲು ಕಡೆ ಊರು. ಬೋರ್‌ವೆಲ್ ಕೆಳಗೆ ಒಂದೂವರೆ ಎಕರೆ ಟೊಮೆಟೊ, ಮಳೆ ನಂಬಿಕೊಂಡು ಎರಡು ಎಕರೆ ರಾಗಿ, ಎರಡು ಸೀಮೆ ಹಸು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆರೆ ತುಂಬಿದರೆ ಉಂಟು, ಇಲ್ಲವಾದರೆ ಸಾವಿರ ಅಡಿ ದಾಟಿದ ಬೋರೇ ಗತಿ. ಇಂಥ ಮನೆಯಿಂದ ಹೋದವಳಾದ್ದರಿಂದ ಕಾಲೇಜಿನಲ್ಲಿ ನನಗೆ ಸ್ವಲ್ಪ ಕೊಬ್ಬೂ ಇತ್ತು. ಬೆಂಗಳೂರಿನ ಹುಡುಗಿಯರು ಗುದ್ದಲಿ ಹಿಡಿಯುವುದು ನೋಡಿ ನಗುತ್ತಿದ್ದೆ. ಮೊದಲ ವಾರ ನನ್ನ ಕೈಯಲ್ಲೂ ಬೊಬ್ಬೆ ಎದ್ದಾಗ ಕೈ ಮುಚ್ಚಿಕೊಂಡು ಓಡಾಡಿದೆ. ನಮ್ಮ ಮನೆಯಲ್ಲಿ ನಾನು ಬುತ್ತಿ ಒಯ್ದು ಕೊಟ್ಟಿದ್ದೇ ಜಾಸ್ತಿ, ಅಗೆದಿದ್ದು ಕಮ್ಮಿ, ಅದು ಅಲ್ಲಿವರೆಗೂ ನನಗೇ ಗೊತ್ತಿರಲಿಲ್ಲ.

2023ರ ಮುಂಗಾರಿಗೆ ನಮ್ಮ ತಂಡಕ್ಕೆ ಹತ್ತು ಗುಂಟೆ ಕೊಟ್ಟರು. ಐದು ಜನ ನಾವು. ನಾನು, ಬೆಂಗಳೂರಿನ ಇಬ್ಬರು, ಶಿರಾದವಳು ಒಬ್ಬಳು, ಕಲಬುರಗಿಯವನು ಒಬ್ಬ. ನಾಲ್ಕು ಗುಂಟೆಗೆ ಶಿಫಾರಸಿನ ಪ್ರಕಾರ ರಸಗೊಬ್ಬರ, ಕಳೆನಾಶಕ ಹಾಕಿ ಬರೀ ರಾಗಿ. ಪಕ್ಕದ ನಾಲ್ಕು ಗುಂಟೆಗೆ ರಸಗೊಬ್ಬರ ಇಲ್ಲ, ಔಷಧಿ ಇಲ್ಲ, ರಾಗಿ ಜೊತೆ ಅಕ್ಕಡಿ, ಅಂದರೆ ಅದೇ ಹೊಲದಲ್ಲಿ ತೊಗರಿ, ಅವರೆಯಂಥ ಬೇರೆ ಬೆಳೆಗಳ ಸಾಲು. ಉಳಿದ ಎರಡು ಗುಂಟೆಯಲ್ಲಿ ಟೊಮೆಟೊ. ಸರ್ ಹಾಕಿದ್ದು ಒಂದೇ ಷರತ್ತು. ಏನು ಮಾಡಿದರೂ ಪುಸ್ತಕದಲ್ಲಿ ಬರೆಯಬೇಕು. ನೀವು ಗುದ್ದಲಿ ಹಿಡಿದ ಹೊತ್ತಿಗೂ ಕೂಲಿ ಹಾಕಬೇಕು, ನಿಮ್ಮ ಮೈ ಬಿಟ್ಟಿ ಸಿಗುತ್ತೆ ಅಂತ ಹೇಳಿ ಸಾವಯವ ಲಾಭ ಅಂತ ತೋರಿಸಬೇಡಿ ಅಂದರು. ಈ ಒಂದು ಮಾತಿಗಾಗಿ ಅವರಿಗೆ ಇವತ್ತಿಗೂ ಕೈ ಮುಗಿಯಬೇಕು ಅನ್ನಿಸುತ್ತೆ.

ಮೊದಲ ಪುಟದಲ್ಲೇ ನಮ್ಮ ಮಾನ ಹೋಗಿದೆ. ಮಣ್ಣು ಪರೀಕ್ಷೆಗೆ ಮಾದರಿ ತೆಗೆಯಬೇಕಿತ್ತು. ಹೊಲದಲ್ಲಿ ಹಾವು ಹರಿದ ಹಾಗೆ ಅಡ್ಡಾದಿಡ್ಡಿ ನಡೆದು, ಹತ್ತು ಹದಿನೈದು ಕಡೆ ಆರು ಇಂಚು ಆಳದ ಗುಂಡಿ ಮಾಡಿ, ಗುಂಡಿಯ ಗೋಡೆಯಿಂದ ಮಣ್ಣು ಕೆರೆದು, ಎಲ್ಲ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಎಸೆದು, ಮತ್ತೆ ಬೆರೆಸಿ ಮತ್ತೆ ಎಸೆದು, ಕೊನೆಗೆ ಅರ್ಧ ಕೆಜಿ ಉಳಿಸಿಕೊಳ್ಳಬೇಕು. ಮೇ ತಿಂಗಳ ಬಿಸಿಲು. ನಾವು ಹೊಂಗೆ ಮರದ ನೆರಳು ಬಿಟ್ಟು ಕದಲಲಿಲ್ಲ, ಹದಿನೈದು ಗುಂಡಿನೂ ಆ ಸುತ್ತಮುತ್ತಲೇ. ರಿಪೋರ್ಟಲ್ಲಿ ಸಾವಯವ ಇಂಗಾಲ ನೂರಕ್ಕೆ 0.81 ಅಂತ ಬಂತು. 0.75 ದಾಟಿದರೆ ಅದು ಒಳ್ಳೆ ಮಣ್ಣು. ನಾವು ಕುಣಿದಾಡಿಬಿಟ್ಟೆವು. ಸರ್ ರಿಪೋರ್ಟ್ ನೋಡಿ, ನಮ್ಮ ಮುಖ ನೋಡಿ, ‘ಮರದ ಕೆಳಗೆ ಕೂತ್ಕೊಂಡು ತೆಗೆದ್ರಾ?’ ಅಂದರು. ಅಲ್ಲಿ ಹಳೇ ತಿಪ್ಪೆ ಬೇರೆ ಇತ್ತಂತೆ. ಎರಡನೇ ಸಲ ನೆಟ್ಟಗೆ ಬಿಸಿಲಲ್ಲಿ ನಡೆದು ತೆಗೆದಾಗ ಬಂದದ್ದು 0.38. 0.5ಕ್ಕಿಂತ ಕೆಳಗೆ ಅಂದರೆ ಬಡ ಮಣ್ಣು. ನಮ್ಮ ಕಡೆಯ ಕೆಂಪು ಮಣ್ಣಿಗೆ ಇದು ಹೊಸ ಸುದ್ದಿಯೇನಲ್ಲ ಬಿಡಿ.

ಬಡ ಮಣ್ಣಿಗೆ ಏನು ಹಾಕುವುದು? ನಮ್ಮ ತಾತನ ಕಾಲದಲ್ಲಿ ಬೇಸಿಗೆ ಬಂತು ಅಂದರೆ ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಡೆಯುವುದು, ಗಾಡಿಗಟ್ಟಲೆ. ನಾನೂ ಅದನ್ನೇ ಹೇಳಿದೆ. ಆದರೆ ನಮ್ಮ ಹತ್ತಿರದ ಕೆರೆಗೆ ಬರುತ್ತಿದ್ದುದು ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರಲ್ಲ, ಅದು. ಅದರಿಂದ ಬೋರುಗಳಿಗೆ ಜೀವ ಬಂದಿದೆ ಅನ್ನುವವರೂ ನಮ್ಮೂರಲ್ಲೇ ಇದ್ದಾರೆ, ಮೂರನೇ ಹಂತ ಶುದ್ಧ ಮಾಡದೆ ಬಿಡಬಾರದಿತ್ತು ಅಂತ ಬೀದಿಗಿಳಿದವರೂ ಇದ್ದಾರೆ. ಸರ್ ಮಾತ್ರ ಜಗಳಕ್ಕೆ ಬರಲಿಲ್ಲ. ಲೋಹದ ಅಂಶ ಪರೀಕ್ಷೆ ಮಾಡಿಸದೆ ಆ ಗೋಡು ತೋಟದೊಳಗೆ ಬರಬಾರದು ಅಂದರು, ಅಷ್ಟೆ. ಪರೀಕ್ಷೆಗೆ ದುಡ್ಡು ಇರಲಿಲ್ಲ. ಗೋಡಿನ ಮಾತು ಅಲ್ಲಿಗೇ ನಿಂತಿತು.

ಕೊನೆಗೆ ಹಸಿರು ಗೊಬ್ಬರಕ್ಕೆ ಅಂತ ಸೆಣಬು. ಮೇ ತಿಂಗಳ ಮಳೆಗೆ ಚೆಲ್ಲಿದೆವು, ಹೂ ಬರುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಬೇಕು. ಹೂ ಬಿಟ್ಟ ಸೆಣಬು ಚಿನ್ನದ ಬಣ್ಣ. ಅದನ್ನು ಉಳುವುದಕ್ಕೆ ಬೆಂಗಳೂರಿನವಳಿಗೆ ಮನಸ್ಸೇ ಬರಲಿಲ್ಲ, ಇನ್ನೊಂದು ವಾರ ಬಿಡೋಣ, ಫೋಟೋ ತೆಗೆಯೋಣ ಅಂತ ಹಟ. ಬಲಿತರೆ ಕಡ್ಡಿ ನಾರಾಗುತ್ತೆ, ಬೇಗ ಕೊಳೆಯಲ್ಲ ಅಂತ ಬೈದು ಉಳುಮೆ ಮಾಡಿಸಿದೆವು. ಅಪ್ಪನಿಗೆ ಫೋನಲ್ಲಿ ಹೇಳಿದರೆ ‘ಒಂದೂವರೆ ತಿಂಗಳು ಹೊಲ ಸೆಣಬಿಗೆ ಕೊಡ್ತೀಯಾ, ಅಷ್ಟೊತ್ತಿಗೆ ಬಿತ್ತೋ ಮಳೆ ಮುಗಿದುಹೋದರೆ ಸೆಣಬು ತಿಂತೀಯಾ?’ ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕದ ಅಂಚಲ್ಲಿ ಪೆನ್ಸಿಲಲ್ಲಿ ಬರೆದಿಟ್ಟಿದ್ದೇನೆ: ‘ಅಪ್ಪನ ಪ್ರಶ್ನೆ 1’.

ಬೆಲ್ಲದ ಕಲೆಯ ಕಥೆ ಜೀವಾಮೃತದ್ದು, ಸಾವಯವದವರು ಹೊಲಕ್ಕೆ ಹಾಕುವ ಹುದುಗಿಸಿದ ನೀರು ಅದು. ಹತ್ತು ಕೆಜಿ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು, ಇನ್ನೂರು ಲೀಟರ್ ನೀರು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುಗಿಸಬೇಕು, ಮೇಲೆ ಗೋಣಿಚೀಲ ಹೊದಿಸಬೇಕು. ನಮ್ಮವರಲ್ಲಿ ಒಬ್ಬರು (ಹೆಸರು ಬೇಡ, ಈಗ ಒಳ್ಳೆ ಕೆಲಸದಲ್ಲಿದ್ದಾರೆ) ನೊಣ ಬರುತ್ತೆ ಅಂತ ಡ್ರಮ್ಮಿನ ಮುಚ್ಚಳ ಬಿಗಿಯಾಗಿ ತಿರುಗಿಸಿ ಶನಿವಾರ ಊರಿಗೆ ಹೋದರು. ಸೋಮವಾರ ಬೆಳಿಗ್ಗೆ ಮುಚ್ಚಳ ತೆಗೆದ ನನ್ನ ಮುಖ, ಚೂಡಿದಾರ, ನೋಟ್‌ಬುಕ್, ಎಲ್ಲಕ್ಕೂ ಜೀವಾಮೃತ ಆಯಿತು. ಮೂರು ದಿನ ಮೆಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ.

ಅದನ್ನು ತೊಳೆದುಕೊಂಡು ಕ್ಲಾಸಿಗೆ ಹೋದರೆ ಸರ್ ಬೋರ್ಡಿನ ಮೇಲೆ ಲೆಕ್ಕ ಹಾಕಿಸಿದರು. ಹತ್ತು ಕೆಜಿ ಸಗಣಿಯಲ್ಲಿ ಸಾರಜನಕ ಎಷ್ಟು? ಹೆಚ್ಚೆಂದರೆ 50 ಗ್ರಾಂ ಆಸುಪಾಸು. ಮಳೆಯಾಶ್ರಿತ ರಾಗಿಗೆ ಎಕರೆಗೆ ಶಿಫಾರಸು ಎಷ್ಟು? 20 ಕೆಜಿ. ಹಾಗಾದರೆ ಉಳಿದದ್ದು ಎಲ್ಲಿಂದ ಬರುತ್ತೆ? ಕ್ಲಾಸೆಲ್ಲ ಗಪ್‌ಚುಪ್. ಜೀವಾಮೃತ ಗೊಬ್ಬರ ಅಲ್ಲ, ಹೆಪ್ಪು ಹಾಕಿದ ಹಾಗೆ ಅಂತ ಅದನ್ನು ನಂಬುವವರು ಹೇಳುತ್ತಾರೆ, ಆಯ್ತು, ಆದರೆ ಹೆಪ್ಪು ಹಾಕೋಕೆ ಹಾಲು ಬೇಕಲ್ಲ ಅಂದರು. ನಮ್ಮ ಹಾಲು ಆ ಸೆಣಬು. ಎಕರೆಗೆ ಐದು ಟನ್ ಹಸಿ ಸೊಪ್ಪು ಮಣ್ಣಿಗೆ ಸೇರಿದರೂ ಲೆಕ್ಕದ ಪ್ರಕಾರ ಅದರಲ್ಲಿ 20 ಕೆಜಿ ಸಾರಜನಕ ಇರುತ್ತೆ, ಎಲ್ಲವೂ ಅದೇ ವರ್ಷ ಪೈರಿಗೆ ಸಿಗಲ್ಲ ಅನ್ನುವುದು ಬೇರೆ. ಸಾವಯವ ಅಂತ ಹೇಳಿಕೊಂಡು ಬರೀ ಡ್ರಮ್ ತಿರುಗಿಸುವವರನ್ನು ಕಂಡರೆ ಈಗಲೂ ನನಗೆ ಆ ಬೋರ್ಡೇ ನೆನಪಾಗುವುದು.

ಈಗ ಅಜ್ಜಿ ವಿಷಯಕ್ಕೆ ಬರುತ್ತೇನೆ. ತೋಟದಲ್ಲಿ ದಿನಗೂಲಿಗೆ ಬರುತ್ತಿದ್ದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯರು. ಅರ್ಧ ಕನ್ನಡ ಅರ್ಧ ತೆಲುಗು. ನಮ್ಮ ಪಠ್ಯದಲ್ಲಿ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಂತ ಇತ್ತು. ದಾರ ಕಟ್ಟಿ, ಟೇಪು ಹಿಡಿದು, ಗೂಟ ಹೊಡೆಯುತ್ತಿದ್ದೆವು. ಅಜ್ಜಿ ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು ನೋಡುತ್ತಿದ್ದವರು ‘ಬರೀ ತೊಗರೀನಾ? ಅವರೆ ಎಲ್ಲಿ? ಅಲಸಂದೆ ಎಲ್ಲಿ? ಹುಚ್ಚೆಳ್ಳು ಬ್ಯಾಡ್ವಾ?’ ಅಂದರು. ಹುಚ್ಚೆಳ್ಳು ಯಾಕಜ್ಜಿ ಅಂದರೆ, ‘ಅಂಚಿಗೆ ಹಾಕಬೇಕು ಕಣಮ್ಮ, ದನ ಅದಕ್ಕೆ ಬಾಯಿ ಹಾಕಲ್ಲ. ಹುಚ್ಚೆಳ್ಳು ಬಿತ್ತಿದ್ರೆ ನಿಮ್ಮ ತಂತಿ ಬೇಲಿ ಯಾಕೆ ಬೇಕು’ ಅಂದರು. ಶಿರಾದವಳು ಓಡಿಹೋಗಿ ಲೈಬ್ರರಿಯಲ್ಲಿ ನೋಡಿ ಬಂದಳು. ಪುಸ್ತಕದಲ್ಲೂ ಹಾಗೇ ಇತ್ತು, ಇಂಗ್ಲಿಷಿನಲ್ಲಿ. ನಮ್ಮಜ್ಜಿಯೂ ರಾಗಿ ಹೊಲಕ್ಕೆ ಹೀಗೇ ಏಳೆಂಟು ಥರ ಬಿತ್ತುತ್ತಿದ್ದಳು. ನಾನು ಅದನ್ನು ಚಿಕ್ಕವಳಿದ್ದಾಗ ನೋಡಿದ್ದೆ. ಅದನ್ನು ಮತ್ತೆ ಕಲಿಯೋಕೆ ಫೀಸು ಕಟ್ಟಿ ಇಲ್ಲಿಗೆ ಬರಬೇಕಾಯ್ತಲ್ಲ ಅಂತ ಒಂಥರಾ ಆಯ್ತು.

ಪುಷ್ಯ ಮಳೆಯ ಹದಕ್ಕೆ, ಜುಲೈ ಕೊನೆ ವಾರ, ಬಿತ್ತಿದೆವು. ರಾಗಿ, ತೊಗರಿ, ಅವರೆ, ಅಲಸಂದೆ, ಅಂಚಿಗೆ ಹುಚ್ಚೆಳ್ಳು, ಅಲ್ಲಲ್ಲಿ ಜೋಳ. ಕಲಬುರಗಿಯವನು ನಮ್ಮ ಎರಡು ಸಾಲು ನೋಡಿ ‘ಇಷ್ಟಕ್ಕೇ ತೊಗರಿ ಹೊಲ ಅಂತೀರೇನ್ರಿ’ ಅಂತ ನಕ್ಕ. ಆದರೆ ಗಿಡ ಒಂದೂವರೆ ತಿಂಗಳಾದಾಗ ಕುಡಿ ಚಿವುಟಬೇಕು, ಆಗ ಕವಲು ಜಾಸ್ತಿ ಒಡೆಯುತ್ತೆ ಅಂತ ಹೇಳಿಕೊಟ್ಟಿದ್ದೂ ಅವನೇ. ನಮ್ಮ ಕಡೆ ಯಾರೂ ಚಿವುಟುವುದನ್ನು ನಾನು ಕಂಡಿರಲಿಲ್ಲ.

ಆಮೇಲೆ ಆಗಸ್ಟ್ ಬಂತು. ಮಳೆ ಬರಲಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇರಲೇ ಇಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ತಮಾಷೆ ಅಂದರೆ 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ. ಸಭಾಂಗಣದಲ್ಲಿ ರಾಗಿ ಕೇಕು, ರಾಗಿ ಐಸ್‌ಕ್ರೀಮು, ದೊಡ್ಡ ಬ್ಯಾನರು. ಹೊರಗೆ ಹೊಲದಲ್ಲಿ ರಾಗಿ ಮಧ್ಯಾಹ್ನದ ಹೊತ್ತಿಗೆ ಎಲೆ ಸುತ್ತಿಕೊಂಡು ನಿಂತಿರುತ್ತಿತ್ತು. ರಾಗಿಗೆ ನೀರು ಕೊಡಬಾರದು, ಮಳೆ ಬೆಳೆ ಮಳೆಯಲ್ಲೇ ಬರಬೇಕು ಅಂತ ಸರ್ ಕಟ್ಟುನಿಟ್ಟು. ಪಕ್ಕದಲ್ಲೇ ಡ್ರಿಪ್ ಪೈಪ್ ಹಾದುಹೋಗುತ್ತಿದ್ದರೂ ನಾವು ಕೈ ಕಟ್ಟಿಕೊಂಡು ನೋಡಬೇಕಿತ್ತು. ಅಪ್ಪ ಹೇಳಿದ ಗೊಂಬೆ ತೋಟ ಆ ತಿಂಗಳು ಮಾತ್ರ ಗೊಂಬೆಯಾಗಿರಲಿಲ್ಲ.

ಅದರ ಮೇಲೆ ಇಂಟರ್ನಲ್ಸ್. ಹನ್ನೆರಡು ದಿನ ಯಾರೂ ಹೊಲಕ್ಕೆ ಕಾಲಿಡಲಿಲ್ಲ. ಸಾಲಿನ ಮಧ್ಯದ ಕಳೆ ತೆಗೆಯೋಕೆ ಎಡೆಕುಂಟೆ ಹೊಡೆಯಬೇಕಾದ ಸಮಯ ತಪ್ಪಿತು. ಬಂದು ನೋಡಿದರೆ ಕಳೆನಾಶಕ ಹೊಡೆದ ಕಡೆ ನೆಲ ಸಾಫಾಗಿದೆ, ನಮ್ಮ ಅಕ್ಕಡಿ ಕಡೆ ರಾಗಿ ಎಲ್ಲಿದೆ ಅಂತ ಹುಡುಕಬೇಕು. ಇರೋ ಅಲ್ಪಸ್ವಲ್ಪ ತೇವವನ್ನೂ ಕಳೆ ಹೀರುತ್ತಿತ್ತು. ಐದು ಜನ ಕೂತು, ಅಜ್ಜಿ ಮತ್ತು ಇನ್ನಿಬ್ಬರು ಹೆಂಗಸರನ್ನೂ ಕರೆದುಕೊಂಡು ಕೀಳೋಕೆ ಶುರು ಮಾಡಿದೆವು.

ಆ ಹೆಂಗಸರು ಕೂರುವ ಮುಂಚೆ ಕೇಳಿದ ಮೊದಲ ಪ್ರಶ್ನೆ: ‘ಔಷಧಿ ಹೊಡೆದಿರೋದು ಯಾವ ಕಡೆ?’

ಯಾಕೆ ಅಂತ ನನಗೆ ತಕ್ಷಣ ಹೊಳೆಯಲಿಲ್ಲ, ನಾಚಿಕೆಯಾಗಬೇಕು. ಅವರು ಕಿತ್ತದ್ದನ್ನೆಲ್ಲ ಬದುವಿಗೆ ಎಸೆಯುತ್ತಿರಲಿಲ್ಲ. ಅಣ್ಣೆ ಸೊಪ್ಪು ಒಂದು ಕಡೆ, ಗೋಣಿ ಸೊಪ್ಪು ಒಂದು ಕಡೆ, ಕೊಮ್ಮೆ ಸೊಪ್ಪು ಒಂದು ಕಡೆ, ಎಳೆಯದನ್ನು ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಬೆರಕೆ ಸೊಪ್ಪು! ನಮ್ಮ ಮನೆಯಲ್ಲೂ ಬಸ್ಸಾರು ಮಾಡುತ್ತಾರೆ, ಈಗ ಕೋಲಾರ ಸಂತೆಯಿಂದ ದುಡ್ಡು ಕೊಟ್ಟು ತರುತ್ತಾರೆ. ನಮ್ಮ ಹೊಲದಲ್ಲಿ ಅಪ್ಪ ಕಳೆನಾಶಕ ಹೊಡೆಯೋಕೆ ಶುರು ಮಾಡಿದ ಮೇಲೆ ಅಮ್ಮ ಸೊಪ್ಪು ಕೀಳೋದು ಬಿಟ್ಟಿದ್ದಳು. ಯಾವಾಗ ಬಿಟ್ಟಳು ಅಂತ ಯಾರೂ ಗಮನಿಸಿರಲಿಲ್ಲ.

ಸಂಜೆ ಪುಸ್ತಕ ತೆಗೆದು ‘ಕಳೆ ಕಿತ್ತಿದ್ದು, 3 ಆಳು’ ಅಂತ ಖರ್ಚಿನ ಕಡೆ ಬರೆದೆ. ಬರೆದ ಮೇಲೆ ಪೆನ್ನು ನಿಂತಿತು. ಒಂದೇ ಗಿಡ. ನಮ್ಮ ಪುಸ್ತಕದಲ್ಲಿ ಖರ್ಚು, ಅಜ್ಜಿ ಮಡಿಲಲ್ಲಿ ಸಾರು. ಸೊಪ್ಪಿಗೆ ಯಾವ ಕಾಲಂ ಅಂತ ಮರುದಿನ ಸರ್‌ನ ಕೇಳಿದೆ. ಸರ್ ಸ್ವಲ್ಪ ಹೊತ್ತು ಸುಮ್ನಿದ್ದು, ಒಂದು ಕಾಲಂ ಹಾಕಿಕೋ, ಬೆಲೆ ಗೊತ್ತಾಗದಿದ್ದರೆ ತೂಕ ಬರಿ ಅಂದರು. ಹಾಗಾಗಿ ನಮ್ಮ ಪುಸ್ತಕದಲ್ಲಿ ಬೆಲೆ ಇಲ್ಲದ ಒಂದು ಕಾಲಂ ಇದೆ. ‘ಸೊಪ್ಪು, ಅಂದಾಜು 6 ಕೆಜಿ.’ ಅಜ್ಜಿಯ ಮಡಿಲನ್ನು ತೂಕಕ್ಕೆ ಹಾಕೋಕೆ ಧೈರ್ಯ ಬರಲಿಲ್ಲ, ಅದಕ್ಕೇ ಅಂದಾಜು.

ಟೊಮೆಟೊ ಕಥೆ ಬೇರೆಯೇ. ಆ ಜುಲೈ ನಿಮಗೂ ನೆನಪಿರಬೇಕು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು. ಊರೂರಲ್ಲೂ ಹೊಲ ಕಾಯೋಕೆ ರಾತ್ರಿ ಟಾರ್ಚು ಹಿಡಿದು ಕೂರುತ್ತಿದ್ದರು. ನಾವು ಅದೇ ತಿಂಗಳ ಮೊದಲ ವಾರ ನಾಟಿ ಮಾಡಿದ್ದು. ಹುಡುಗರು ಆಗಲೇ ಬೈಕಿನ ಮಾಡೆಲ್ ಆರಿಸುತ್ತಿದ್ದರು. ಟೊಮೆಟೊ ಮನೆಯಲ್ಲಿ ಬೆಳೆದ ನಾನೊಬ್ಬಳೇ ಬಾಯಿ ಮುಚ್ಚಿಕೊಂಡಿದ್ದೆ. ರೇಟು ನೋಡಿ ಎಲ್ಲರೂ ನಾಟಿ ಮಾಡಿದರೆ ಎರಡೂವರೆ ತಿಂಗಳಿಗೆ ಏನಾಗುತ್ತೆ ಅಂತ ನಮ್ಮ ಮನೆ ಗೋಡೆಗೂ ಗೊತ್ತು.

ಇಲ್ಲಿ ನಾವು ಮಾಡಿದ್ದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಒಂದು ಉಪಾಯ. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವು. ಕಾಯಿ ಕೊರೆಯುವ ಹುಳದ ಚಿಟ್ಟೆಗೆ ಟೊಮೆಟೊಗಿಂತ ಚೆಂಡುಹೂವಿನ ಮೇಲೆ ಮೊಟ್ಟೆ ಇಡೋಕೆ ಇಷ್ಟ. ಆದರೆ ಎರಡೂ ಒಂದೇ ಹೊತ್ತಿಗೆ ಹೂವಿಗೆ ಬರಬೇಕು, ಇಲ್ಲವಾದರೆ ಚಿಟ್ಟೆ ಯಾಕೆ ಮೋಸ ಹೋಗುತ್ತೆ? ಅದಕ್ಕೇ ನಾಟಿ ಮಾಡುವಾಗ ಚೆಂಡುಹೂವಿನ ಸಸಿ 45 ದಿನದ್ದಿರಬೇಕು, ಟೊಮೆಟೊ ಸಸಿ 25 ದಿನದ್ದು. ನಮ್ಮ ಎರಡು ಗುಂಟೆಯಲ್ಲಿ ಹದಿನಾರು ಸಾಲೇ ಹಿಡಿದದ್ದು, ಎರಡೂ ಅಂಚಿಗೆ ಒಂದೊಂದು ಸಾಲು ಹೂವು ಹಾಕಿದೆವು. ಹುಳ ಪೂರ್ತಿ ನಿಂತಿತು ಅಂತ ಸುಳ್ಳು ಹೇಳಲ್ಲ. ಕಡಿಮೆಯಾಯಿತು. ಬಿಳಿನೊಣಕ್ಕೆ ಹಳದಿ ಅಂಟು ಹಾಳೆ ನೇತುಹಾಕಿದ್ದೆವು, ಆದರೂ ಅದು ಹರಡುವ ಎಲೆ ಮುದುರು ರೋಗ ಬಂದು ನಲವತ್ತೈವತ್ತು ಗಿಡ ಕಿತ್ತೆಸೆಯಬೇಕಾಯಿತು.

ಸೆಪ್ಟೆಂಬರಲ್ಲಿ ಕಾಯಿ ಬಂತು, ರೇಟು ನೆಲಕ್ಕೆ ಬಂತು. ಬೆಳಗಿನ ಜಾವ ಟೆಂಪೋದಲ್ಲಿ ಬಾಕ್ಸುಗಳ ಮಧ್ಯೆ ಕೂತು ಮಂಡಿಗೆ ಹೋದದ್ದು ಬೆಂಗಳೂರಿನ ಹುಡುಗಿಗೆ ಜೀವನದಲ್ಲಿ ಮೊದಲ ಸಲ. ಹರಾಜು ಕೂಗುವವನ ಮಾತು ಒಂದೂ ಅರ್ಥವಾಗದೆ, ಮುಗಿಯಿತಾ, ನಮ್ಮದು ಯಾವಾಗ ಅಂತ ಕೇಳುತ್ತಿದ್ದಳು, ಅಷ್ಟೊತ್ತಿಗೆ ನಮ್ಮದು ಹೋಗಿಯಾಗಿತ್ತು. ಎಲ್ಲ ಕೊಯ್ಲೂ ಸೇರಿ 41 ಬಾಕ್ಸ್, ಸರಾಸರಿ 110 ರೂಪಾಯಿ. ಬಂದದ್ದು 4,510. ಸಸಿ, ಕೋಲು, ದಾರ, ಟೆಂಪೋ, ಕಮಿಷನ್ ಎಲ್ಲ ಸೇರಿ ಖರ್ಚು 5,200. ವಾಪಸ್ ಬರುವಾಗ ಟೆಂಪೋದಲ್ಲಿ ಯಾರೂ ಮಾತಾಡಲಿಲ್ಲ.

ಅಂಚಲ್ಲಿದ್ದ ಚೆಂಡುಹೂವನ್ನು ನಾವು ಬೆಳೆ ಅಂತಲೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಹುಳಕ್ಕೆ ಹಾಕಿದ ಬಲಿ. ಗಣೇಶನ ಹಬ್ಬಕ್ಕೆ ಗೇಟಿನ ಮುಂದೆ ಮಂಕರಿ ಇಟ್ಟು ಕೂತೆವು, 22 ಕೆಜಿ, ಕೆಜಿಗೆ 70. ಆಯುಧಪೂಜೆಗೆ 30 ಕೆಜಿ, ಕೆಜಿಗೆ 60. ಒಟ್ಟು 3,340 ರೂಪಾಯಿ, ಖರ್ಚು ಅಂದರೆ ಸಸಿ ದುಡ್ಡು, ಅದೂ ನರ್ಸರಿಯವರು ಬಿಟ್ಟಿ ಕೊಟ್ಟಿದ್ದರು. ಹದಿನಾರು ಸಾಲು ಟೊಮೆಟೊ ಮಾಡಿದ ನಷ್ಟವನ್ನು ಎರಡು ಸಾಲು ಹೂವು ತುಂಬಿಕೊಟ್ಟಿತು. ಕಾವಲಿಗೆ ಇಟ್ಟ ಆಳು ಯಜಮಾನನನ್ನು ಸಾಕಿದ ಹಾಗೆ.

ರಾಗಿ ಕೊಯ್ದದ್ದು ಡಿಸೆಂಬರಿಗೆ. ರಸಗೊಬ್ಬರದ ನಾಲ್ಕು ಗುಂಟೆಯಲ್ಲಿ 46 ಕೆಜಿ. ನಮ್ಮ ಅಕ್ಕಡಿಯ ನಾಲ್ಕು ಗುಂಟೆಯಲ್ಲಿ 38 ಕೆಜಿ. ಒಳ್ಳೆ ಮಳೆ ಬಿದ್ದಿದ್ದರೆ ಇದರ ಎರಡರಷ್ಟು ಬರಬೇಕಿತ್ತು. ಆದರೆ ತೊಗರಿ ಮಾತ್ರ ಆಗಸ್ಟನ್ನು ಕಂಡೇ ಇಲ್ಲ ಅನ್ನುವ ಹಾಗೆ ನಿಂತಿತ್ತು, ಅದರ ಬೇರು ಕೆಳಗೆಲ್ಲೋ ಇರುತ್ತೆ. ಜನವರಿಯಲ್ಲಿ ಬಡಿದರೆ 9 ಕೆಜಿ. ಆ ವರ್ಷದ ಬೆಂಬಲ ಬೆಲೆ ರಾಗಿಗೆ ಕ್ವಿಂಟಲಿಗೆ 3,846, ತೊಗರಿಗೆ 7,000. ಅದೇ ದರದಲ್ಲಿ ಲೆಕ್ಕ ಹಾಕಿದರೆ ರಸಗೊಬ್ಬರದ ಕಡೆ 1,769 ರೂಪಾಯಿ, ನಮ್ಮ ಕಡೆ 1,461 ಮತ್ತು 630, ಒಟ್ಟು 2,091. ಅಲಸಂದೆ, ಹುಚ್ಚೆಳ್ಳು ಲೆಕ್ಕಕ್ಕೆ ಬರುವಷ್ಟು ಇರಲಿಲ್ಲ. ಹುಲ್ಲನ್ನು ಹಸುಗಳ ಕೊಟ್ಟಿಗೆಯವರು ಒಯ್ದರು. ಅವರೆಕಾಯಿ ಒಂದೂ ಮಾರಲಿಲ್ಲ. ಸೊಗಡಿನ ಅವರೆ, ಡಿಸೆಂಬರ್ ಚಳಿ, ಹಾಸ್ಟೆಲ್ ಮೆಸ್ಸು. ಐದೂ ಜನ ರಾತ್ರಿ ಹತ್ತು ಗಂಟೆವರೆಗೆ ಕಾಳು ಹಿತುಕಿ ಹಿತುಕಿ ಬೆರಳೆಲ್ಲ ಅಂಟು ಮಾಡಿಕೊಂಡು ಹಿತಕಿದ ಬೇಳೆ ಸಾರು ಮಾಡಿಸಿಕೊಂಡು ಮುದ್ದೆ ಹೊಡೆದೆವು. ಕಲಬುರಗಿಯವನು ಅವತ್ತೇ ಮೊದಲ ಸಲ ಮುದ್ದೆಯನ್ನು ಅಗಿಯದೆ ನುಂಗಿದ್ದು.

ಗೆದ್ದೆವು ಅಂತ ಅಪ್ಪನಿಗೆ ಫೋನ್ ಮಾಡಿದೆ. 2,091, 1,769 ಎರಡನ್ನೂ ಓದಿ ಹೇಳಿದೆ. ಅಪ್ಪ ‘ಆಳೆಷ್ಟು?’ ಅಂದ.

ಅದನ್ನೂ ಬರೆದಿದ್ದೆವಲ್ಲ. ರಸಗೊಬ್ಬರದ ಕಡೆ ನಾಲ್ಕು ಆಳು, ನಮ್ಮ ಕಡೆ ಹತ್ತು. ಆಳಿಗೆ 400ರಂತೆ ಹಾಕಿದರೆ ರಸಗೊಬ್ಬರದ ಕಡೆ 1,600, ಗೊಬ್ಬರ ಔಷಧಿ 480. ನಮ್ಮ ಕಡೆ 4,000, ಬೀಜ ಬೆಲ್ಲ 350. ಅಂದರೆ ಅಲ್ಲಿ 311 ರೂಪಾಯಿ ನಷ್ಟ, ಇಲ್ಲಿ 2,259 ರೂಪಾಯಿ ನಷ್ಟ. ಎರಡೂ ಕಡೆ ಮುಳುಗಿದ್ದೆವು, ನಾವು ಸ್ವಲ್ಪ ಆಳಕ್ಕೆ. ‘ನಮ್ಮಮ್ಮ ಅಕ್ಕಡಿ ಹಾಕ್ತಿದ್ದಾಗ ಮನೇಲಿ ಒಂಬತ್ತು ಜನ ಇದ್ವಿ’ ಅಂದ ಅಪ್ಪ. ‘ಈಗ ರಾಗಿಗೆ ಮಿಷನ್ನು ಬರುತ್ತೆ. ಮಧ್ಯ ತೊಗರಿ ನಿಂತಿದ್ರೆ ಮಿಷನ್ನವನು ಹೊಲಕ್ಕೇ ಇಳಿಯಲ್ಲ. ತೊಗರಿಗೆ ಅಂತ ಮತ್ತೆ ಜನವರಿವರೆಗೂ ಹೊಲ ಯಾರು ಕಾಯ್ತಾರೆ?’ ಇದು ಪುಸ್ತಕದ ಅಂಚಲ್ಲಿ ‘ಅಪ್ಪನ ಪ್ರಶ್ನೆ 4’. ನಾಲ್ಕು ವರ್ಷದ ಪಠ್ಯದಲ್ಲಿ ಅಕ್ಕಡಿ ಯಾಕೆ ಒಳ್ಳೆಯದು ಅಂತ ಎರಡು ಅಧ್ಯಾಯ ಓದಿದ್ದೇನೆ. ಅದು ಯಾಕೆ ಹೋಯಿತು ಅಂತ ಫೋನಲ್ಲಿ ಎರಡು ನಿಮಿಷಕ್ಕೆ ಗೊತ್ತಾಯಿತು.

ಹಾಗಂತ ಗೊಂಬೆ ತೋಟ ದಂಡ ಅಂತ ನಾನು ಒಪ್ಪಲ್ಲ. ಅಪ್ಪ 311 ರೂಪಾಯಿ ನಷ್ಟದ ರಾಗಿಯನ್ನು ಪ್ರತಿ ವರ್ಷ ಬೆಳೆಯುತ್ತಿದ್ದಾನೆ, ಅವನ ಮೈಗೆ, ಅಮ್ಮನ ಮೈಗೆ ಕೂಲಿ ಹಾಕದೇ ಇರುವುದರಿಂದ ಅದು ಅವನಿಗೆ ಕಾಣಲ್ಲ. ಇದನ್ನು ನಾನು ಕಂಡದ್ದು ಆ ನೋಟ್‌ಬುಕ್ಕಿನಲ್ಲೇ. ಮನೆ ಹೊಲದಲ್ಲಿ ನಾಲ್ಕು ಗುಂಟೆ ಹಾಳು ಮಾಡಿ ನೋಡೋಣ ಅಂದರೆ ಯಾರು ಬಿಡುತ್ತಾರೆ? ಇದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳುವುದು ಅಂತ ಗೊತ್ತಿಲ್ಲ.

ಕಳೆದ ವರ್ಷ ಒಂದು ಸಂಜೆ ಅವನೇ ಫೋನ್ ಮಾಡಿದ. ಸುತ್ತಿ ಬಳಸಿ ಹಸು, ಹಾಲು, ಕರೆಂಟು ಎಲ್ಲ ಆದ ಮೇಲೆ ಕೇಳಿದ.

‘ಅದೇನೋ ಹದಿನಾರಕ್ಕೆ ಒಂದು ಅಂದಿದ್ಯಲ್ಲ. ಅದು ಸಾಲಾ, ಗಿಡಾನಾ?’

ಸಾಲು ಅಂದೆ. ಟೊಮೆಟೊ ಬೀಜ ಹಾಕೋದಕ್ಕೆ ಇಪ್ಪತ್ತು ದಿನ ಮುಂಚೆ ಚೆಂಡುಹೂವಿನ ಬೀಜ ಹಾಕಬೇಕಪ್ಪ, ಆಗ ಎರಡೂ ಒಟ್ಟಿಗೆ ಹೂವಿಗೆ ಬರುತ್ತೆ ಅಂತ ಉತ್ಸಾಹದಲ್ಲಿ ವಿವರಿಸಿದೆ.

‘ಇಪ್ಪತ್ತು ದಿನ ಮುಂಚೆ ಟೊಮೆಟೊ ಹಾಕ್ತೀನೋ ಇಲ್ವೋ ನಂಗೇ ಗೊತ್ತಿರಲ್ವಲ್ಲಮ್ಮ. ಮಂಡಿ ರೇಟು ನೋಡಿ ತಾನೇ ಹಾಕೋದು’ ಅಂದ.

ಕೊನೆಗೆ ನರ್ಸರಿಯಿಂದಲೇ ಬೆಳೆದ ಸಸಿ ತಂದು ಮೂರು ಸಾಲು ಹಾಕಿದ್ದಾನೆ. ಅಮ್ಮ ಬದುವಿನ ಕಡೆಯ ಸಾಲಿಗೆ ಔಷಧಿ ಹೊಡೆಯಬೇಡ ಅಂತ ಹೇಳಿದ್ದಾಳಂತೆ. ಹೂವಿಗಾಗಿ ಅಂತ ಅಪ್ಪ ಅಂದುಕೊಂಡಿದ್ದಾನೆ.